ಬಿಸಿಯೂಟದ ಅಕ್ಕಿಯಲ್ಲಿ ಪ್ಲಾಸ್ಟಿಕ್ ಇದೆಯಾ? ಕ್ಲಾಸ್‌ನಲ್ಲೇ ಪತ್ತೆ ಮಾಡಿ!

ನಮಸ್ಕಾರ. ಪೌಷ್ಟಿಕಾಂಶದ ಪಾಠಕ್ಕೆ ಚಾರ್ಟ್ ತೂಗು ಹಾಕೋದು ಬಿಟ್ಟು ಬೇರೆ ಏನು ಮಾಡಬಹುದು ಅಂತ ಟೀಚರ್‌ಗಳು ಕೇಳ್ತಾನೇ ಇದ್ದೀರಿ. ಕಾರ್ಬೋಹೈಡ್ರೇಟ್ ಶಕ್ತಿಗೆ, ಪ್ರೋಟೀನ್ ಬೆಳವಣಿಗೆಗೆ, ವಿಟಮಿನ್-ಖನಿಜ ರಕ್ಷಣೆಗೆ. ಇದು ಪುಸ್ತಕದಲ್ಲೇ ಇದೆ, ಮುಂದೆ ಹೋಗೋಣ.

ನನ್ನ ತಲೆ ಕೊರೆದದ್ದು ಇನ್ನೊಂದು ಪ್ರಶ್ನೆ: "ಬಿಸಿಯೂಟದ ಅಕ್ಕಿ ತೊಳೆಯುವಾಗ ಕೆಲವು ಕಾಳು ತೇಲ್ತವೆ. ಪ್ಲಾಸ್ಟಿಕ್ ಅಕ್ಕಿನಾ?" ರೇಷನ್ ಅಕ್ಕಿ ಮೇಲೂ ಇದೇ ಗುಲ್ಲು. ಅನ್ನದ ಉಂಡೆ ಪುಟಿಸೋ ವಿಡಿಯೋ ನಿಮಗೂ ಬಂದಿರತ್ತೆ. ಅಂಟು ಅನ್ನ ಯಾವುದಾದ್ರೂ ಪುಟಿಯತ್ತೆ ಸ್ವಾಮಿ!

[ಕ್ಲೋಸ್-ಅಪ್: ಮೊರದಲ್ಲಿ ಹರಡಿದ ಅಕ್ಕಿ]

ಇಲ್ಲಿ ನೋಡಿ. ಈ ಕಾಳು ಉಳಿದವಕ್ಕಿಂತ ಸ್ವಲ್ಪ ಮಂಕು, ತುದಿ ಮೊಂಡು. ಇದು ಸಾರವರ್ಧಿತ ಅಕ್ಕಿ. ಅಕ್ಕಿಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ವಿಟಮಿನ್ ಬಿ12 ಬೆರೆಸಿ, ಶಾವಿಗೆ ಒತ್ತಿದ ಹಾಗೆ ಒತ್ತಿ, ಅಕ್ಕಿಯಷ್ಟುದ್ದಕ್ಕೆ ಕತ್ತರಿಸ್ತಾರೆ. 100 ಕೆಜಿ ಅಕ್ಕಿಗೆ ಇದು 1 ಕೆಜಿ. ಒಳಗೆ ಗಾಳಿ ಸಿಕ್ಕಿಕೊಂಡಿದ್ರೆ ತೇಲತ್ತೆ. ಪ್ಲಾಸ್ಟಿಕ್ ಅಂದ್ಕೊಂಡು ಇದನ್ನೇ ಆರಿಸಿ ಎಸೀತಾರೆ. ಅಂದ್ರೆ, ಕಬ್ಬಿಣ ಹಾಕಿದ ಕಾಳೇ ಕಸದ ಬುಟ್ಟಿಗೆ!

ಈಗ ಚಟುವಟಿಕೆ. ಪ್ರತಿ ಗುಂಪಿಗೂ ಒಂದು ಹಿಡಿ ಅಕ್ಕಿ ಕೊಡಿ, "ಬೇರೆ ಥರ ಇರೋ ಕಾಳು ಹುಡುಕಿ" ಅನ್ನಿ. ಐದೇ ನಿಮಿಷದಲ್ಲಿ ಕ್ಲಾಸ್ ಪೊಲೀಸ್ ಠಾಣೆ ಆಗತ್ತೆ. ಬೇರೆ ಹೇಳೋದು ಬೇಡ, ಹುಡುಕೋ ಕೆಲಸ ಮಕ್ಕಳದ್ದು. ಆಮೇಲೆ ಮೂರು ತಟ್ಟೆ: ಒಂದರಲ್ಲಿ ಮಾಮೂಲಿ ಅಕ್ಕಿ, ಒಂದರಲ್ಲಿ ಅವರು ಆರಿಸಿದ ಕಾಳು, ಇನ್ನೊಂದರಲ್ಲಿ ನಿಜವಾದ ಪ್ಲಾಸ್ಟಿಕ್ ಚೂರು. ಮೂರನೇದು ಬಿಡಬೇಡಿ. ಹೋಲಿಸೋಕೆ ಏನೂ ಇಲ್ಲದಿದ್ರೆ ಅದು ಪರೀಕ್ಷೆ ಅಲ್ಲ, ಮ್ಯಾಜಿಕ್ ಷೋ.

ನೀರಿಗೆ ಕೆಲವು ಹನಿ ಟಿಂಕ್ಚರ್ ಅಯೋಡಿನ್ ಬೆರೆಸಿ, ಮೂರರ ಮೇಲೂ ಹಾಕಿ.

[ಕ್ಲೋಸ್-ಅಪ್: ಬಣ್ಣ ಬದಲಾಗುವುದು]

ಮೊದಲ ಎರಡು ತಟ್ಟೆ ಕಡುನೀಲಿ, ಹೆಚ್ಚುಕಡಿಮೆ ಕಪ್ಪು. ಪ್ಲಾಸ್ಟಿಕ್ ಮೇಲೆ ಅಯೋಡಿನ್ನಿನ ಕಂದು ಹಾಗೇ ಉಳೀತು. ಪಿಷ್ಟದಲ್ಲಿ ಅಮೈಲೋಸ್ ಅನ್ನೋ ಸರಪಳಿ ಸುರುಳಿ ಸುತ್ತಿಕೊಂಡಿರತ್ತೆ, ಅದರ ಒಳಗೆ ಅಯೋಡಿನ್ ಸೇರಿಕೊಂಡ್ರೆ ನೀಲಿ. ಗಂಜಿಗೂ ಹಾಕಿ ನೋಡಿ, ನೀಲಿ ಬರತ್ತೆ. ಆ ಗಂಜಿಯನ್ನ ಕಾಯಿಸಿದ್ರೆ ಬಣ್ಣ ಮಾಯ, ಆರಿದ ಮೇಲೆ ಮತ್ತೆ ಬರತ್ತೆ! ನಾನಂತೂ ಇದನ್ನ ಬೇಜಾರಿಲ್ಲದೆ ಎಷ್ಟು ಸಲ ಬೇಕಾದ್ರೂ ನೋಡ್ತೀನಿ.

ಒಂದು ಮಾತು. ನೀಲಿ ಬಂತು ಅಂದ್ರೆ ಆ ಕಾಳಲ್ಲಿ ಪಿಷ್ಟ ಇದೆ, ಅಷ್ಟೇ. ಕಬ್ಬಿಣ ಇದೆಯಾ ಅನ್ನೋದಕ್ಕೆ ಬೇರೆ ಪರೀಕ್ಷೆ: ಪೊಟ್ಯಾಸಿಯಂ ಥಯೋಸಯನೇಟ್ ಜೊತೆ ಆಮ್ಲ, ಕೆಂಪು ಬಣ್ಣ ಬರಬೇಕು. ಅದನ್ನ ಹೈಸ್ಕೂಲ್ ಲ್ಯಾಬಿನಲ್ಲಿ ಟೀಚರೇ ಮಾಡಿ ತೋರಿಸಲಿ. ಅಯೋಡಿನ್ ಹಾಕಿದ್ದನ್ನ ಯಾರೂ ಬಾಯಿಗೆ ಹಾಕೋದು ಬೇಡ.

ಅಯ್ಯೋ, ಟೈಮ್ ಆಗೋಯ್ತು. ಉಳಿದದ್ದು ಓಡ್ತಾ ಹೇಳ್ತೀನಿ.

ಬಿಸ್ಕತ್ತನ್ನ ಬಿಳಿ ಕಾಗದದ ಮೇಲೆ ಉಜ್ಜಿ, ಕಾಗದ ಬೆಳಕಿಗೆ ಹಿಡೀರಿ. ಎಣ್ಣೆಯ ಕಲೆ ಅರೆಪಾರದರ್ಶಕವಾಗಿ ಕಾಣತ್ತೆ. ಸ್ಟಾಫ್ ರೂಮಿನ ಬಿಸ್ಕತ್ತಿಗೂ ವಿನಾಯಿತಿ ಇಲ್ಲ. ಪೊಟ್ಟಣದ ಲೇಬಲ್‌ನಲ್ಲಿರೋ ಸಕ್ಕರೆ ಗ್ರಾಂಗಳನ್ನ 4ರಿಂದ ಭಾಗಿಸಿದ್ರೆ ಸುಮಾರು ಎಷ್ಟು ಚಮಚ ಅಂತ ಗೊತ್ತಾಗತ್ತೆ. ಅಷ್ಟು ಸಕ್ಕರೆಯನ್ನ ಪೇಪರ್ ಮೇಲೆ ಸುರಿದು ತೋರಿಸಿ. 2025ರ ಮೇ ತಿಂಗಳಲ್ಲಿ ಸಿಬಿಎಸ್‌ಇ ತನ್ನ ಶಾಲೆಗಳಿಗೆ ‘ಶುಗರ್ ಬೋರ್ಡ್’, ಅಂದ್ರೆ ತಿಂಡಿ-ಪಾನೀಯಗಳಲ್ಲಿ ಎಷ್ಟು ಸಕ್ಕರೆ ಇದೆ ಅಂತ ತೋರಿಸೋ ಫಲಕ, ಹಾಕೋಕೆ ಹೇಳಿದೆ. ಬೋರ್ಡ್‌ಗಿಂತ ಆ ಸಕ್ಕರೆ ಗುಡ್ಡೆಯೇ ಜೋರು ಅನ್ನೋದು ನನ್ನ ಅಭಿಪ್ರಾಯ.

ಇನ್ನು ಆ ನೀಲಿ ಗಂಜಿ ಚೆಲ್ಲಬೇಡಿ. ಎರಡು ಲೋಟಕ್ಕೆ ಸಮನಾಗಿ ಹಾಕಿ, ಒಂದಕ್ಕೆ ನಿಂಬೆರಸ, ಇನ್ನೊಂದಕ್ಕೆ ನೆಲ್ಲಿಕಾಯಿ ರಸ ಹನಿಹನಿಯಾಗಿ ಬಿಡಿ. ವಿಟಮಿನ್ ಸಿ ಆ ನೀಲಿ ಅಳಿಸತ್ತೆ, ಕಡಿಮೆ ಹನಿಗೆ ಅಳಿಸಿದ್ದು ಗೆಲ್ಲತ್ತೆ. ಇದೇ ವಿಟಮಿನ್ ಸಿ ಊಟದ ಜೊತೆ ಇದ್ರೆ ಸೊಪ್ಪು, ಕಾಳುಗಳಲ್ಲಿರೋ ಕಬ್ಬಿಣವನ್ನ ದೇಹ ಚೆನ್ನಾಗಿ ಹೀರ್ಕೊಳ್ಳತ್ತೆ. ಗೆದ್ದದ್ದು ಯಾವುದು ಅಂತ ನಾನು ಹೇಳಲ್ಲ, ಹನಿ ಎಣಿಸಿ ನೀವೇ ಕಾಮೆಂಟ್ ಹಾಕಿ.