ಚಾಕುವಿನ ನಡೆ, ಚಾಕುವಿನ ನುಡಿ

ಮಾನ್ಯರೇ,

ಮಾತು ಆರಂಭಿಸುವ ಮೊದಲು ಮೇಜಿನ ಮೇಲಿರುವ ಮೂರು ಮಡಚುವ ಚಾಕುಗಳನ್ನು ನಿಮ್ಮ ಕೈಗೆ ಕೊಡುತ್ತಿದ್ದೇನೆ. ಒಂದು ಫ್ರಾನ್ಸಿನದು, ಒಂದು ಜಪಾನಿನದು, ಮತ್ತೊಂದು ಸ್ವಿಟ್ಜರ್ಲೆಂಡಿನದು. ಮೂರೂ ಹರಿತವಾಗಿವೆ. ಆದ್ದರಿಂದ ಅಲಗಿನ ಬಾಯಿಯನ್ನು ಬೆರಳಿನಿಂದ ಪರೀಕ್ಷಿಸುವ ಆಸೆಯನ್ನು ತಡೆದುಕೊಂಡು, ಬೆನ್ನಿನ ಕಡೆಯಿಂದ ಹಿಡಿದು, ಒಮ್ಮೆ ಬಿಚ್ಚಿ, ಒಮ್ಮೆ ಮಡಚಿ, ಪಕ್ಕದವರಿಗೆ ದಾಟಿಸಬೇಕೆಂದು ಕೋರುತ್ತೇನೆ. ಬಿಚ್ಚುವಾಗ ಬೆರಳಿಗೆ ಏನು ತಿಳಿಯಿತು, ಕಿವಿಗೆ ಏನು ಕೇಳಿಸಿತು ಎಂಬುದರ ಕಡೆ ಗಮನವಿರಲಿ. ನಾನು ಇಂದು ಹೇಳಬೇಕೆಂದಿರುವುದೆಲ್ಲ ಆ ಅರೆಕ್ಷಣದ ಅನುಭವವನ್ನು ಕುರಿತದ್ದು.

ಚಾಕು ಕೈಗೆ ಬಂದೊಡನೆ ಎಲ್ಲರೂ ನೋಡುವುದು ಅಲಗನ್ನು. ಜೇಬಿನ ಚಾಕುಗಳನ್ನು ಪ್ರೀತಿಸಿ, ಬಳಸಿ ಬಲ್ಲವರು ಮೊದಲು ನೋಡುವುದು ಕೀಲನ್ನು. ಅಡುಗೆಮನೆಯ ಚಾಕು ಸದಾ ಒಂದೇ ಸ್ಥಿತಿಯಲ್ಲಿರುತ್ತದೆ. ಅದರ ಅಲಗು, ಹಿಡಿ ಎರಡೂ ಎಂದಿಗೂ ಅಗಲುವುದಿಲ್ಲ. ಜೇಬಿನ ಚಾಕುವಿಗಾದರೋ ಒಂದಕ್ಕೊಂದು ವಿರುದ್ಧವಾದ ಎರಡು ಹೊಣೆಗಳಿವೆ: ಬಿಚ್ಚಿದಾಗ ಒಂದೇ ಲೋಹದ ತುಂಡೋ ಎಂಬಂತೆ ಅಲುಗಾಡದೆ ನಿಲ್ಲಬೇಕು, ಮಡಚಿದಾಗ ಜೇಬಿನಲ್ಲಿ ಯಾರಿಗೂ ಗಾಯವಾಗದಂತೆ ಮಲಗಿರಬೇಕು. ಈ ಎರಡನ್ನೂ ಒಂದು ಸಣ್ಣ ಮೊಳೆಯ ಸುತ್ತ ಸಾಧಿಸಬೇಕಾದ ಕೆಲಸ ಎಷ್ಟು ಕಷ್ಟದ್ದೆಂಬುದು ಕೆಟ್ಟ ಚಾಕುವೊಂದನ್ನು ಬಳಸಿದವರಿಗೆ ಚೆನ್ನಾಗಿ ಗೊತ್ತು. ಹತ್ತು ವರ್ಷದ ಹುಡುಗನಾಗಿದ್ದಾಗ ಜಾತ್ರೆಯಲ್ಲಿ ಕೊಂಡ ಚಾಕುವೊಂದು, ಬಿದಿರಿನ ಕಡ್ಡಿ ಕೆತ್ತುತ್ತಿದ್ದಾಗ ತಾನಾಗಿಯೇ ಮಡಚಿಕೊಂಡು ನನ್ನ ತೋರುಬೆರಳನ್ನು ಸೀಳಿತು. ಆ ಕಲೆ ಇಂದಿಗೂ ಇದೆ. ಚಾಕುವಿನ ಕೀಲಿನ ಬಗ್ಗೆ ನನಗಿರುವ ಆಸ್ಥೆಗೆ ಮೊದಲ ಪಾಠ ಅದೇ.

ಅಲಗಿಗೆ ಬೀಗವಿಲ್ಲದ, ಸ್ಪ್ರಿಂಗಿನ ಒತ್ತಡದಿಂದಷ್ಟೇ ನಿಲ್ಲುವ ಹಳೆಯ ಮಾದರಿಯ ಚಾಕುವನ್ನು ಸ್ಲಿಪ್‌ಜಾಯಿಂಟ್ ಎನ್ನುತ್ತಾರೆ. ಇಂಗ್ಲೆಂಡಿನ ಷೆಫೀಲ್ಡ್, ಜರ್ಮನಿಯ ಜೋಲಿಂಗೆನ್ ಪಟ್ಟಣಗಳು ಈ ಮಾದರಿಗೆ ಹೆಸರಾದವು. ಹಿಡಿಯ ಬೆನ್ನಿನ ಉದ್ದಕ್ಕೂ ಉಕ್ಕಿನ ಪಟ್ಟಿಯೊಂದು ಬಿಗಿಯಾಗಿ ಕೂತಿರುತ್ತದೆ, ಅದೇ ಸ್ಪ್ರಿಂಗು. ಅಲಗಿನ ಬುಡವನ್ನು ಚೌಕವಾಗಿ ಕಡೆದಿರುತ್ತಾರೆ. ಚೌಕದ ಚಪ್ಪಟೆ ಮುಖ ಪಟ್ಟಿಗೆ ಎದುರಾದಾಗ ಅಲಗು ನಿಲ್ಲುತ್ತದೆ, ಮೂಲೆ ಎದುರಾದಾಗ ಪಟ್ಟಿ ಮೇಲೆದ್ದು ದಾರಿ ಬಿಡುತ್ತದೆ. ಬಿಚ್ಚುವ ಉದ್ದಕ್ಕೂ ಬೆರಳಿಗೆ ತಿಳಿಯುವ ಏಕರೀತಿಯ ಬಿಗಿತವನ್ನೂ, ಕೊನೆಯಲ್ಲಿ ಅಲಗು ತನ್ನ ಜಾಗಕ್ಕೆ ಬಂದು ಕೂತಾಗ ಕೇಳಿಸುವ ಚುರುಕಾದ ಸದ್ದನ್ನೂ ಸೇರಿಸಿ ಇಂಗ್ಲಿಷ್ ಮಾತಿನ ಚಾಕುಪ್ರಿಯರು ‘ವಾಕ್ ಅಂಡ್ ಟಾಕ್’ ಎಂದು ಕರೆಯುತ್ತಾರೆ. ಇದಕ್ಕೆ ಕನ್ನಡದಲ್ಲಿ ಪದ ಹುಡುಕುವ ಕಷ್ಟವೇ ನನಗೆ ಬರಲಿಲ್ಲ. ಮನುಷ್ಯರನ್ನು ಅಳೆಯಲು ನಾವು ಬಳಸುವ ‘ನಡೆನುಡಿ’ ಎಂಬ ಮಾತು ಇಲ್ಲಿ ಅಕ್ಷರಶಃ ಹೊಂದುತ್ತದೆ.

ಬಲ್ಲವರು ಇನ್ನೊಂದನ್ನೂ ಪರೀಕ್ಷಿಸುತ್ತಾರೆ. ಅಲಗು ಪೂರ್ತಿ ಮಡಚಿದಾಗ, ಅರ್ಧ ಬಿಚ್ಚಿ ಲಂಬವಾಗಿ ನಿಂತಾಗ, ಪೂರ್ತಿ ಬಿಚ್ಚಿದಾಗ, ಈ ಮೂರೂ ನಿಲುವಿನಲ್ಲಿ ಬೆನ್ನಿನ ಪಟ್ಟಿಯು ಹಿಡಿಯ ಅಂಚಿಗೆ ಸಮವಾಗಿದೆಯೇ ಎಂದು ಉಗುರು ಎಳೆದು ನೋಡುತ್ತಾರೆ. ಎಲ್ಲಿಯೂ ಉಗುರು ತಡೆಯದಿದ್ದರೆ, ಚೌಕದ ಮೂರು ಮುಖಗಳನ್ನೂ ಕೀಲಿನಿಂದ ಕರಾರುವಾಕ್ಕಾದ ದೂರದಲ್ಲಿ ಅರದಿಂದ ಉಜ್ಜಿ ತಂದಿದ್ದಾರೆಂದು ಅರ್ಥ. ಷೆಫೀಲ್ಡಿನಲ್ಲಿ ಇಂಥ ಕೆಲಸವನ್ನು ಸಣ್ಣ ಕೋಣೆಗಳಲ್ಲಿ ಒಬ್ಬೊಬ್ಬರೇ ಕೂತು ಮಾಡುತ್ತಿದ್ದ ಕುಶಲಿಗಳಿಗೆ ‘ಲಿಟ್ಲ್ ಮೆಸ್ಟರ್’ ಎಂಬ ಹೆಸರಿತ್ತು. 1926ರಲ್ಲಿ ಹುಟ್ಟಿ, ಹದಿನಾಲ್ಕನೆಯ ವಯಸ್ಸಿಗೆ ಕಸುಬು ಕಲಿಯಲು ಸೇರಿ, ಇಳಿವಯಸ್ಸಿನವರೆಗೂ ಕೈಯಿಂದಲೇ ಜೇಬಿನ ಚಾಕುಗಳನ್ನು ಮಾಡುತ್ತಿದ್ದ ಸ್ಟಾನ್ ಷಾ ಆ ಪರಂಪರೆಯ ಬಹುದೊಡ್ಡ ಹೆಸರು. ಅವರು 2021ರಲ್ಲಿ ತೀರಿಕೊಂಡರು.

ಈಗ ನಿಮ್ಮ ಕೈಯಲ್ಲಿರುವ ಮರದ ಹಿಡಿಯ ಚಾಕುವಿಗೆ ಬರುತ್ತೇನೆ. ಅದರ ಹೆಸರು ಒಪಿನೆಲ್, ಅಳತೆ ಎಂಟನೆಯದು. ಆಲ್ಪ್ಸ್ ಪರ್ವತದ ಸವೊಯ್ ಸೀಮೆಯಲ್ಲಿ ಉಪಕರಣ ಮಾಡುವವರ ಮನೆತನದ ಜೋಸೆಫ್ ಒಪಿನೆಲ್ ಎಂಬ ಹದಿನೆಂಟರ ಯುವಕ 1890ರಲ್ಲಿ ಇದನ್ನು ರೂಪಿಸಿದ. 1897ರಲ್ಲಿ ಒಂದರಿಂದ ಹನ್ನೆರಡರವರೆಗೆ ಅಳತೆಗಳನ್ನು ಗೊತ್ತುಮಾಡಿದ. ಎಂಟನೆಯದರ ಅಲಗು ಎಂಟೂವರೆ ಸೆಂಟಿಮೀಟರ್ ಉದ್ದವಿದೆ. ಇದರಲ್ಲಿ ಸ್ಪ್ರಿಂಗ್ ಇಲ್ಲವೇ ಇಲ್ಲ. ಬೀಚ್ ಮರದ ದುಂಡನೆಯ ಹಿಡಿಯನ್ನು ಗರಗಸದಿಂದ ಸೀಳಿ, ಸೀಳಿನಲ್ಲಿ ಅಲಗನ್ನು ಇಟ್ಟು, ಅಡ್ಡಲಾಗಿ ಒಂದು ಮೊಳೆ ಬಡಿದಿದ್ದಾರೆ. ಮರದ ಹಿಡಿತವೇ ಅಲಗನ್ನು ನಿಲ್ಲಿಸುತ್ತದೆ. 1955ರಲ್ಲಿ ಮಾರ್ಸೆಲ್ ಒಪಿನೆಲ್ ಹಿಡಿಯ ಕೊರಳಿಗೆ ತಿರುಗುವ ಉಕ್ಕಿನ ಬಳೆಯೊಂದನ್ನು ತೊಡಿಸಿದ. ಬಳೆಯ ಬಾಯಿಯನ್ನು ಪಕ್ಕಕ್ಕೆ ತಿರುಗಿಸಿದರೆ ಅಲಗಿನ ದಾರಿ ಮುಚ್ಚುತ್ತದೆ, ನನ್ನ ಬೆರಳಿಗಾದ ಗತಿ ಇನ್ನೊಬ್ಬರ ಬೆರಳಿಗೆ ಆಗುವುದಿಲ್ಲ. ಇಷ್ಟು ಕಡಿಮೆ ಭಾಗಗಳಿಂದ ಇಷ್ಟು ನಂಬಿಕಸ್ಥ ವಸ್ತುವನ್ನು ಮಾಡಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆದರೆ ಈ ಚಾಕುವಿಗೂ ನಮ್ಮ ಮಲೆನಾಡಿನ ಮಳೆಗಾಲಕ್ಕೂ ಹೊಂದಿಕೆಯಾಗುವುದಿಲ್ಲವೆಂದು ಒಪ್ಪಿಕೊಳ್ಳಬೇಕು. ಆಷಾಢದಲ್ಲಿ ಒಮ್ಮೆ ಸಾಗರದ ಕಡೆಯ ನೆಂಟರ ಮನೆಗೆ ಇದನ್ನು ಒಯ್ದಿದ್ದೆ. ಮೂರನೆಯ ದಿನಕ್ಕೆ ಗಾಳಿಯ ತೇವವನ್ನು ಕುಡಿದು ಮರ ಉಬ್ಬಿ, ಅಲಗನ್ನು ಎಷ್ಟು ಬಿಗಿಯಾಗಿ ಅಪ್ಪಿಕೊಂಡಿತೆಂದರೆ ಉಗುರಿನಿಂದ ಎಳೆದು ಬಿಚ್ಚುವುದು ಸಾಧ್ಯವೇ ಆಗಲಿಲ್ಲ. ಇದು ಆ ಚಾಕು ಹುಟ್ಟಿದ ಊರಿನಲ್ಲೂ ಇರುವ ತೊಂದರೆ. ಅದಕ್ಕೆ ಅವರು ಕಂಡುಕೊಂಡ ಉಪಾಯವನ್ನು ‘ಸವೊಯ್ ಸೀಮೆಯವರ ಏಟು’ ಎನ್ನುತ್ತಾರೆ: ಮಡಚಿದ ಚಾಕುವಿನ ಹಿಂಬದಿಯ ತುದಿಯನ್ನು ಮೇಜಿನ ಅಂಚಿಗೆ ಒಮ್ಮೆ ಕುಟ್ಟಿದರೆ, ಅಲಗಿನ ಮೊನೆಯ ಭಾಗ ಸೀಳಿನಿಂದ ತುಸು ಹೊರಗೆ ಚಿಮ್ಮುತ್ತದೆ, ಆಗ ಹಿಡಿದೆಳೆಯಬಹುದು. ಊರಿಗೆ ಮರಳಿದ ಮೇಲೆ ಹಿಡಿಯನ್ನು ಚೆನ್ನಾಗಿ ಒಣಗಿಸಿ, ಅಗಸೆ ಎಣ್ಣೆ ಕುಡಿಸಿ, ಸೀಳಿನ ಒಳಮೈಯನ್ನು ಮರಳುಕಾಗದದಿಂದ ಕೂದಲೆಳೆಯಷ್ಟು ಉಜ್ಜಿದೆ. ಅಂದಿನಿಂದ ಅದು ಇನ್ನಷ್ಟು ನನ್ನದಾಗಿದೆ. ಚಾಕುಪ್ರಿಯರ ಪ್ರೀತಿ ಬೆಳೆಯುವುದು ಹೀಗೆ ಬಿಚ್ಚಿ, ತಿದ್ದಿ, ಎಣ್ಣೆ ಹಾಕುವಾಗಲೇ ಎಂದು ನಾನು ತಿಳಿದಿದ್ದೇನೆ.

ಜಪಾನಿನ ಚಾಕುವಿನ ಕೀಲು ಇದಕ್ಕಿಂತಲೂ ಸರಳವಾದದ್ದು. ಹ್ಯೋಗೊ ಪ್ರಾಂತದ ಮಿಕಿ ಪಟ್ಟಣದಲ್ಲಿ ಮೇಜಿ ಯುಗದ (1868–1912) ಕೊನೆಯ ದಶಕಗಳಲ್ಲಿ ಹುಟ್ಟಿದ ಹಿಗೊನೊಕಾಮಿ ಎಂಬ ಈ ಚಾಕುವಿಗೆ ತಗಡನ್ನು ಮಡಚಿ ಮಾಡಿದ ಹಿಡಿ, ಒಂದು ಮೊಳೆ, ಒಂದು ಅಲಗು, ಇಷ್ಟೇ ಇರುವುದು. ಅಲಗಿನ ಬುಡದಿಂದ ಸಣ್ಣ ಬಾಲವೊಂದು ಹೊರಚಾಚಿದೆ, ಅದನ್ನು ಚಿಕಿರಿ ಎನ್ನುತ್ತಾರೆ. ಚಾಕುವನ್ನು ಬಳಸುವಾಗ ಹೆಬ್ಬೆರಳು ಆ ಬಾಲದ ಮೇಲೆ ಕೂತಿರುತ್ತದೆ, ಅಂದರೆ ಬಳಸುವವರ ಬೆರಳೇ ಬೀಗ. ಜಪಾನಿನ ಶಾಲಾಮಕ್ಕಳು ಒಂದು ಕಾಲಕ್ಕೆ ಪೆನ್ಸಿಲ್ ಚೂಪು ಮಾಡಲು ಇದನ್ನೇ ಬಳಸುತ್ತಿದ್ದರು. 1960ರ ಅಕ್ಟೋಬರಿನಲ್ಲಿ ಸಮಾಜವಾದಿ ಪಕ್ಷದ ನಾಯಕ ಅಸಾನುಮಾ ಇನೆಜಿರೊ ಅವರನ್ನು ಟೋಕಿಯೊದ ವೇದಿಕೆಯ ಮೇಲೆಯೇ ಹದಿನೇಳರ ಹುಡುಗನೊಬ್ಬ ಕಿರುಗತ್ತಿಯಿಂದ ಇರಿದು ಕೊಂದ ಮೇಲೆ, ಮಕ್ಕಳ ಕೈಗೆ ಅಲಗು ಕೊಡಬಾರದೆಂಬ ಚಳವಳಿ ದೇಶದಲ್ಲೆಲ್ಲ ಹರಡಿತು. ಪೆನ್ಸಿಲ್ ಚಾಕುವಿಗೆ ಆ ಹತ್ಯೆಯೊಂದಿಗೆ ಯಾವ ಸಂಬಂಧವೂ ಇರದಿದ್ದರೂ ಅದರ ಮಾರಾಟ ಕುಸಿಯಿತು. ಇಂದು ಆ ಹೆಸರಿನ ಹಕ್ಕಿನೊಂದಿಗೆ ಚಾಕು ಮಾಡುತ್ತಿರುವುದು ಮಿಕಿಯ ನಾಗಾವೊ ಕಾನೆಕೊಮಾ ಎಂಬ ಒಂದೇ ಕಮ್ಮಾರಸಾಲೆ. ನಿಮ್ಮ ಕೈಯಲ್ಲಿರುವುದು ಅಲ್ಲಿಯದೇ.

ಮೂರನೆಯದನ್ನು ಪರಿಚಯಿಸುವ ಅಗತ್ಯವಿಲ್ಲ. ಕೆಂಪು ಹಿಡಿಯ ಸ್ವಿಸ್ ಚಾಕುವನ್ನು ನೋಡದವರು ಈ ಸಭೆಯಲ್ಲಿ ಇರಲಾರರು. ಆದರೆ ಕಾರ್ಲ್ ಎಲ್ಸೆನರ್ 1897ರ ಜೂನ್ 12ರಂದು ನೋಂದಾಯಿಸಿದ, ಸೇನಾಧಿಕಾರಿಗಳ ಚಾಕುವಿನ ಜಾಣ್ಮೆ ಎಲ್ಲಿದೆಯೆಂಬುದನ್ನು ಹಲವರು ಗಮನಿಸಿರಲಿಕ್ಕಿಲ್ಲ. ಹಿಡಿಯ ಎರಡೂ ಬದಿಯ ಸಲಕರಣೆಗಳಿಗೆ ಒಂದೇ ಸ್ಪ್ರಿಂಗು ದುಡಿಯುವಂತೆ ಮಾಡಿ, ಆರು ಸಲಕರಣೆಗಳನ್ನು ಎರಡೇ ಸ್ಪ್ರಿಂಗುಗಳ ಮೇಲೆ ನಿಲ್ಲಿಸಿದ್ದು ಆತನ ಸಾಧನೆ. ಇದರ ಉಕ್ಕು ಮೆದುವೆಂದು ನಮ್ಮವರಲ್ಲಿ ಹಲವರು ಮೂಗು ಮುರಿಯುತ್ತಾರೆ. ರಾಕ್‌ವೆಲ್ ಎಂಬ ಗಡಸುತನದ ಅಳತೆಯಲ್ಲಿ ಇದು 56ರ ಆಸುಪಾಸಿನಲ್ಲಿದ್ದರೆ, ದುಬಾರಿ ಚಾಕುಗಳ, ಲೋಹದ ಪುಡಿಯನ್ನು ಒತ್ತಿ ಕಾಯಿಸಿ ಮಾಡಿದ ಉಕ್ಕುಗಳು 60ರ ಸುತ್ತ ಇರುತ್ತವೆ. ಗಡಸು ಹೆಚ್ಚಿದಷ್ಟೂ ಹರಿತ ಹೆಚ್ಚು ದಿನ ಉಳಿಯುತ್ತದೆ ಎಂಬುದು ನಿಜ, ಜೊತೆಗೆ ಅಂಚು ಚಕ್ಕೆ ಏಳುವ ಭಯವೂ ಸಾಣೆಗೆ ಮಣಿಯದ ಹಟವೂ ಹೆಚ್ಚುತ್ತವೆ. ಮೊಂಡಾದ ಚಾಕುವನ್ನು ಎಲ್ಲಿಯೋ ಸಿಕ್ಕ ನುಣುಪು ಕಲ್ಲಿನ ಮೇಲೆ ಐದು ನಿಮಿಷ ಉಜ್ಜಿ ಮತ್ತೆ ಹರಿತಗೊಳಿಸಬಹುದಾದ ಉಕ್ಕನ್ನೇ ನಾನು ಮೆಚ್ಚುತ್ತೇನೆ. ಜೇಬಿನಲ್ಲಿರುವ ಚಾಕುವಿಗೆ ಆ ಹದವೇ ಸರಿ.

ಉಕ್ಕಿನ ಮಾತು ಬಂದದ್ದರಿಂದ, ನಮ್ಮ ನುಡಿಗೆ ನೇರವಾಗಿ ತಾಗುವ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ದಕ್ಷಿಣ ಭಾರತದ ಒಂದು ಬಗೆಯ ಉಕ್ಕಿಗೆ ಇಂಗ್ಲಿಷಿನಲ್ಲಿರುವ ‘ವೂಟ್ಜ್’ ಎಂಬ ಪದ ಕನ್ನಡದ ‘ಉಕ್ಕು’ ಎಂಬುದರಿಂದ ಬಂದಿತೆಂದು ಬಹುಪಾಲು ವಿದ್ವಾಂಸರು ಹೇಳುತ್ತಾರೆ. ಮೂಸೆಯಲ್ಲಿ ಕಬ್ಬಿಣವನ್ನೂ ಸೌದೆ, ಎಲೆಗಳಂಥ ಇಂಗಾಲದ ವಸ್ತುಗಳನ್ನೂ ಇಟ್ಟು ಮುಚ್ಚಿ ಕಾಯಿಸಿ ದಕ್ಷಿಣ ಭಾರತದ ಕುಶಲಿಗಳು ಮಾಡುತ್ತಿದ್ದ ಈ ಉಕ್ಕಿನ ಮುದ್ದೆಗಳು ಮುಂಬಯಿಯ ಮೂಲಕ ಲಂಡನ್ನಿಗೆ ಹೋದವು. ಅವುಗಳ ಪರೀಕ್ಷೆಯ ವರದಿಯನ್ನು ಜಾರ್ಜ್ ಪಿಯರ್ಸನ್ 1795ರಲ್ಲಿ ರಾಯಲ್ ಸೊಸೈಟಿಯ ಮುಂದಿಟ್ಟರು. ಆ ಪರೀಕ್ಷೆಗಾಗಿ ಜೇಮ್ಸ್ ಸ್ಟೊಡಾರ್ಟ್ ಎಂಬ ಚಾಕು ಕುಶಲಿ ಮುದ್ದೆಯ ಒಂದು ತುಂಡನ್ನು ಬಡಿದು ಮಾಡಿದ್ದು ಯಾವ ಖಡ್ಗವನ್ನೂ ಅಲ್ಲ, ಒಂದು ಪೆನ್‌ನೈಫನ್ನು, ಎಂದರೆ ಹಕ್ಕಿಯ ಗರಿಯ ಲೇಖನಿಯನ್ನು ಕೆತ್ತುವ ಪುಟ್ಟ ಚಾಕುವನ್ನು. ಅದರ ಅಂಚು ಅತ್ಯುತ್ತಮ ಉಕ್ಕಿನ ಚಾಕುವಿಗೆ ಸಮನಾಗಿತ್ತೆಂದು ವರದಿ ಹೇಳುತ್ತದೆ. ಮುಂದೆ ಇದೇ ಸ್ಟೊಡಾರ್ಟನ ಜೊತೆ ಸೇರಿ ಮೈಕೆಲ್ ಫ್ಯಾರಡೆ ಉಕ್ಕಿನ ಮಿಶ್ರಲೋಹಗಳ ಮೇಲೆ ಪ್ರಯೋಗ ನಡೆಸಿದರು. ಇಂದು ‘ಡಮಾಸ್ಕಸ್’ ಎಂಬ ಹೆಸರಿನಲ್ಲಿ ಮಾರಾಟವಾಗುವ, ಅಲೆಯಲೆಯಾದ ಗೆರೆಗಳ ಚಾಕುಗಳಲ್ಲಿ ಬಹಳಷ್ಟು ಎರಡು ಬಗೆಯ ಉಕ್ಕಿನ ಪದರಗಳನ್ನು ಬೆಸೆದು ಮಾಡಿದವು. ಮೂಸೆಯ ಉಕ್ಕಿನ ಗೆರೆಗಳು ಹಾಗಲ್ಲ, ಅವು ಒಂದೇ ಮುದ್ದೆಯೊಳಗೆ ಇಂಗಾಲದ ಸಂಯುಕ್ತಗಳು ಸಾಲುಗಟ್ಟಿ ನಿಂತು ಮೂಡಿದವು. ಈ ವ್ಯತ್ಯಾಸವನ್ನು ಕನ್ನಡದ ಚಾಕುಪ್ರಿಯರಾದರೂ ಮರೆಯಬಾರದೆಂದು ನನ್ನ ಆಗ್ರಹ.

ಇತ್ತೀಚಿನ ಕಾಲದ ಚಾಕುಗಳ ಕುರಿತು ಬೇಗ ಹೇಳಿ ಮುಗಿಸುತ್ತೇನೆ. 1981ರಲ್ಲಿ ಅಮೆರಿಕದ ಸ್ಪೈಡರ್ಕೊ ಕಂಪನಿ ಚಾಕುವಿನ ಅಲಗಿಗೆ ಹೆಬ್ಬೆರಳು ಹಿಡಿಯುವಂಥ ದುಂಡು ತೂತನ್ನೂ, ಹಿಡಿಗೆ ಜೇಬಿನ ಅಂಚಿಗೆ ಸಿಕ್ಕಿಸುವ ಕ್ಲಿಪ್ಪನ್ನೂ ಕೊಟ್ಟಿತು. ಒಂದೇ ಕೈಯಲ್ಲಿ ಬಿಚ್ಚುವ, ಜೇಬಿನ ತಳಕ್ಕೆ ಇಳಿಯದ ಚಾಕು ಅಲ್ಲಿಂದ ರೂಢಿಗೆ ಬಂದಿತು. ಬೆನ್ನ ಹಿಂದಿನ ಲೋಹದ ಕೊಂಡಿಗೆ ಒಡಿಕತ್ತಿಯನ್ನು ಸಿಕ್ಕಿಸುವ ಕೊಡವರಿಗೆ ಈ ಉಪಾಯ ಹೊಸದೆನಿಸಲಾರದು. 1987ರಲ್ಲಿ ದಕ್ಷಿಣ ಆಫ್ರಿಕದ ಕ್ರಿಸ್ ರೀವ್ ಟೈಟಾನಿಯಂ ಹಿಡಿಯ ಒಂದು ಭಾಗವನ್ನೇ ಸೀಳಿ ಬೀಗವಾಗಿಸಿದ ಚಾಕುವಿಗೆ ಸೆಬೆಂಜಾ ಎಂದು ಹೆಸರಿಟ್ಟರು. ಜುಲು ನುಡಿಯಲ್ಲಿ ಆ ಪದಕ್ಕೆ ಕೆಲಸವೆಂದು ಅರ್ಥ. ಅದರ ಬೆಲೆ ನನ್ನ ಮಿತಿಗೆ ಮೀರಿದ್ದು. ಗೆಳೆಯರೊಬ್ಬರ ಬಳಿ ಒಮ್ಮೆ ಹಿಡಿದು ನೋಡಿದಾಗ ಅದರ ಕೀಲಿನ ನುಣುಪು ನನ್ನನ್ನು ಬೆರಗಾಗಿಸಿತು.

ಕಾನೂನು ಕೂಡ ಚಾಕುವನ್ನು ಅಳೆಯುವಾಗ ಕೀಲಿನ ಕಡೆಗೇ ನೋಡುತ್ತದೆ. ಬ್ರಿಟನ್ನಿನಲ್ಲಿ ಮೂರು ಅಂಗುಲದೊಳಗಿನ ಅಲಗಿನ, ಬೀಗವಿಲ್ಲದ ಮಡಚುವ ಚಾಕುವನ್ನು ಸಾರ್ವಜನಿಕ ಸ್ಥಳದಲ್ಲಿ ಇಟ್ಟುಕೊಳ್ಳಲು ಕಾರಣ ಕೊಡಬೇಕಾಗಿಲ್ಲ. ಬೀಗವಿದ್ದರೆ ತಕ್ಕ ಕಾರಣ ಬೇಕು. ಆದ್ದರಿಂದಲೇ ಸ್ಲಿಪ್‌ಜಾಯಿಂಟ್ ಅಲ್ಲಿ ಇನ್ನೂ ಹೊಸ ಹೊಸ ರೂಪಗಳಲ್ಲಿ ಬರುತ್ತಿದೆ. ನಮ್ಮ ದೇಶದ ಶಸ್ತ್ರಾಸ್ತ್ರ ನಿಯಮಗಳು ಒಂಬತ್ತು ಅಂಗುಲಕ್ಕಿಂತ ಉದ್ದದ ಅಥವಾ ಎರಡು ಅಂಗುಲಕ್ಕಿಂತ ಅಗಲದ ಅಲಗುಗಳನ್ನು ಮನೆಬಳಕೆ, ಬೇಸಾಯದಂಥ ಉದ್ದೇಶಕ್ಕಲ್ಲದಿದ್ದರೆ ಆಯುಧಗಳ ಸಾಲಿಗೆ ಸೇರಿಸುತ್ತವೆ. ಜೇಬಿನ ಚಾಕು ಆ ಅಳತೆಗೆ ಬಹಳ ಕೆಳಗಿದ್ದರೂ ವಿಮಾನದ ಕೈಚೀಲದಲ್ಲಿ ಅದಕ್ಕೆ ಜಾಗವಿಲ್ಲ. ಪ್ರಯಾಣದ ದಿನ ಅದನ್ನು ಮನೆಯಲ್ಲೇ ಬಿಟ್ಟು ಹೊರಡುವ ಅಭ್ಯಾಸವನ್ನು ನಾನು ಬೆಳೆಸಿಕೊಂಡಿದ್ದೇನೆ.

ದಿನನಿತ್ಯ ಜೊತೆಗೆ ಒಯ್ಯುವ ಚಾಕು, ಟಾರ್ಚು, ಪೆನ್ನು, ಟಿಪ್ಪಣಿ ಪುಸ್ತಕಗಳನ್ನೆಲ್ಲ ಸೇರಿಸಿ ಈಗಿನವರು ಇಡಿಸಿ (ಎವ್ರಿಡೇ ಕ್ಯಾರಿ) ಎನ್ನುತ್ತಾರೆ. ಎಲೆಯಡಕೆಯ ಸಂಚಿಯನ್ನು ಸೊಂಟದಿಂದ ಇಳಿಸದ ನಮ್ಮ ಅಜ್ಜಂದಿರಿಗೆ ಈ ಭಾವ ತಿಳಿದಿತ್ತು. ಒಂದರೊಳಗೊಂದು ಅರೆಗಳಿದ್ದ ಆ ಸಂಚಿಯಲ್ಲಿ ಅಡಕತ್ತರಿಗೆ ಒಂದು ಜಾಗ, ಸುಣ್ಣದ ಡಬ್ಬಿಗೆ ಇನ್ನೊಂದು, ಚಿಲ್ಲರೆಗೆ ಮತ್ತೊಂದು ಇರುತ್ತಿತ್ತು. ನನ್ನ ಅಜ್ಜನ ಅಡಕತ್ತರಿಯ ಕೀಲು ಹತ್ತಾರು ವರ್ಷ ಬಳಸಿದ ಮೇಲೂ ಸಡಿಲವಾಗಿರಲಿಲ್ಲ. ವಾರಕ್ಕೊಮ್ಮೆ ಅವರು ಅದಕ್ಕೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಬಿಟ್ಟು, ಎರಡು ಸಲ ಬರಿದೇ ಆಡಿಸಿ, ಕಿವಿಯ ಹತ್ತಿರ ಹಿಡಿದು ಸದ್ದು ಕೇಳಿ, ಆಮೇಲೆ ಸಂಚಿಗೆ ಸೇರಿಸುತ್ತಿದ್ದರು.

ಚಾಕುಗಳು ಕೊನೆಯ ಸಾಲಿಗೆ ತಲುಪಿರುವಂತೆ ಕಾಣುತ್ತದೆ. ಮರದ ಹಿಡಿಯದನ್ನು ಮಡಚುವ ಮೊದಲು ಬಳೆಯನ್ನು ತಿರುಗಿಸಿ ಅದರ ಬಾಯಿಯನ್ನು ಅಲಗಿನ ನೇರಕ್ಕೆ ತನ್ನಿ, ಮಡಚಿದ ಮೇಲೆ ಮತ್ತೆ ಪಕ್ಕಕ್ಕೆ ತಿರುಗಿಸಿ ಮೇಜಿಗೆ ಮರಳಿಸಿ. ಇಲ್ಲಿ ಸೇಬುಗಳನ್ನು ಇಟ್ಟಿದ್ದೇನೆ. ಯಾವ ಚಾಕು ನಿಮ್ಮ ಕೈಗೆ ಒಪ್ಪಿತೋ ಅದರಿಂದ ಒಂದು ಹೋಳು ಕೊಯ್ದು ನೋಡಬಹುದು.