ಮೇವು ಬದಲಾಗುವ ದಿನಗಳಲ್ಲಿ ದನಕರುಗಳ ಆರೈಕೆ

ರೈತ ಬಾಂಧವರೇ, ತಾಯಂದಿರೇ,

ಎರಡು ಎತ್ತು, ಒಂದು ಎಮ್ಮೆ, ನಾಲ್ಕಾರು ಕುರಿ-ಆಡುಗಳಿರುವ ನಮ್ಮ ಕೊಪ್ಪಳ ಸೀಮೆಯ ಸಣ್ಣ ಒಕ್ಕಲು ಮನೆಯನ್ನು ಕಣ್ಣ ಮುಂದಿಟ್ಟುಕೊಂಡು ನಾನು ಮಾತನಾಡುತ್ತೇನೆ. ಇಂಥ ಸಭೆಗಳಿಗೆ ಕರೆ ಹೋಗುವುದು ಗಂಡಸರಿಗೆ. ಹೆಂಡಿ ಬಳಿದು, ಮೇವು ಹಾಕಿ, ಹಾಲು ಹಿಂಡುವವರು ಹಿಂದಿನ ಸಾಲಿನಲ್ಲಿ ಕುಳಿತಿರುವ ತಾಯಂದಿರು. ಆದ್ದರಿಂದ ನನ್ನ ಮಾತು ಮುಖ್ಯವಾಗಿ ಅವರಿಗೆ.

ಮೇವಿನ ಕೊರತೆಯಿಂದ ದನ ಸೊರಗುತ್ತದೆಂಬುದು ಎಲ್ಲರಿಗೂ ಗೊತ್ತು. ಮೇವನ್ನು ಒಮ್ಮೆಲೇ ಬದಲಿಸುವುದೂ ಅಷ್ಟೇ ಅಪಾಯಕರ ಎಂಬುದನ್ನು ಮಾತ್ರ ನಾವು ಗಮನಿಸುವುದಿಲ್ಲ. ಮೆಲುಕು ಹಾಕುವ ಪ್ರಾಣಿಯ ದೊಡ್ಡ ಹೊಟ್ಟೆಯಲ್ಲಿ ಮೇವನ್ನು ಕರಗಿಸುವ ಕೆಲಸವನ್ನು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಮಾಡುತ್ತವೆ. ಕಣಕಿಗೆ, ಅಂದರೆ ಜೋಳದ ಒಣ ದಂಟಿಗೆ, ಒಗ್ಗಿದ ಆ ಜೀವಿಗಳು ಹಸಿ ಹುಲ್ಲಿಗೋ ಕಾಳಿಗೋ ಒಗ್ಗಬೇಕಾದರೆ ಎರಡು-ಮೂರು ವಾರ ಹಿಡಿಯುತ್ತದೆ. ಹೀಗಾಗಿ ಹೊಸ ಮೇವನ್ನು ಹಳೆಯದರೊಡನೆ ಬೆರೆಸಿ, ದಿನದಿನಕ್ಕೆ ಸ್ವಲ್ಪಸ್ವಲ್ಪವೇ ಹೆಚ್ಚಿಸುತ್ತ ಹೋಗಬೇಕು.

ಇದನ್ನು ಮರೆತಾಗ ಏನಾಗುತ್ತದೆ ಎಂಬುದಕ್ಕೆ ಮದುವೆ ಮನೆಯ ಉಳಿದ ಅನ್ನವೇ ಸಾಕ್ಷಿ. ಚೆಲ್ಲುವುದು ಪಾಪವೆಂದು ಬುಟ್ಟಿಗಟ್ಟಲೆ ಅನ್ನವನ್ನು ಎಮ್ಮೆಯ ಮುಂದೆ ಸುರಿಯುತ್ತೇವೆ. ಹೊಟ್ಟೆಯಲ್ಲಿ ಹುಳಿ ಏರಿ, ಮೆಲುಕು ನಿಂತು, ಮರುದಿನ ಅದು ಮೇಲೇಳುವುದಿಲ್ಲ. ಕೊಯ್ಲಾದ ಮೆಕ್ಕೆಜೋಳದ ಹೊಲಕ್ಕೆ ಹಸಿದ ಕುರಿಗಳನ್ನು ಬಿಟ್ಟಾಗಲೂ, ಉದುರಿದ ಕಾಳು ತಿಂದು ಇದೇ ಗತಿಯಾಗುತ್ತದೆ. ಮೊದಲ ಮಳೆಗೆ ಚಿಗುರಿದ ಹುಲ್ಲನ್ನು ಹೊಟ್ಟೆತುಂಬ ಮೇಯ್ದ ಮರಿಗಳಿಗೆ ಕರುಳು ಬೇನೆ ಬರುತ್ತದೆ. ಆ ರೋಗ ಹಟ್ಟಿಯಲ್ಲಿ ದಷ್ಟಪುಷ್ಟವಾದ ಮರಿಯನ್ನೇ ಮೊದಲು ಕೊಲ್ಲುವುದರಿಂದ ಜನ ದೃಷ್ಟಿ ತಗುಲಿತೆಂದು ನಿಂಬೆಹಣ್ಣು ಕಟ್ಟುತ್ತಾರೆ. ಕಟ್ಟಲಿ, ನನ್ನ ತಕರಾರಿಲ್ಲ. ಆದರೆ ಮುಂಗಾರಿಗೆ ಮೊದಲೇ ಲಸಿಕೆ ಹಾಕಿಸಿರಬೇಕು, ಮತ್ತು ಬೆಳಿಗ್ಗೆ ಸ್ವಲ್ಪ ಒಣಮೇವು ತಿನ್ನಿಸಿಯೇ ಮೇಯಲು ಬಿಡಬೇಕು.

ಜೋಳದ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಮಳೆ ಕೈಕೊಟ್ಟು ಬಾಡಿದ ಎಳೆಯ ಪೈರಿನಲ್ಲಿಯೂ, ಕೊಯ್ದ ಬುಡದಿಂದ ಚಿಗುರಿದ ಕುಳೆಯಲ್ಲಿಯೂ ಸಯನೈಡ್ ವಿಷ ಹುಟ್ಟುವ ಅಂಶವಿರುತ್ತದೆ. ಅದನ್ನು ತಿಂದ ದನ ಕೆಲವೇ ನಿಮಿಷಗಳಲ್ಲಿ ಏದುಸಿರು ಬಿಡುತ್ತ, ತೂರಾಡಿ ಬೀಳಬಹುದು. ಇದಕ್ಕೆ ಮದ್ದುಂಟು, ಆದರೆ ಅದನ್ನು ಪಶುವೈದ್ಯರು ರಕ್ತನಾಳಕ್ಕೇ ಕೊಡಬೇಕು, ಅದೂ ತಡವಿಲ್ಲದೆ. ಹೂ ಬಿಟ್ಟ ನಂತರ ಪೈರಿನ ವಿಷ ಬಹಳಷ್ಟು ಇಳಿಯುತ್ತದೆ. ಬಲಿತು ಚೆನ್ನಾಗಿ ಒಣಗಿದ ಕಣಕಿಯನ್ನು ಹೆದರದೆ ಹಾಕಬಹುದು.

ಕುಷ್ಟಗಿ, ಯಲಬುರ್ಗಾ ಕಡೆಯ ಕಣಕಿಯ ಬಣವಿಗೂ, ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಣ್ಣುವ ಗಂಗಾವತಿ, ಕಾರಟಗಿ ಕಡೆಯ ಭತ್ತದ ಹುಲ್ಲಿಗೂ ಸತ್ವದಲ್ಲಿ ಅಂತರವಿದೆ. ಭತ್ತದ ಹುಲ್ಲಿನಲ್ಲಿ ಸಸಾರಜನಕ (ಪ್ರೋಟೀನ್) ನೂರಕ್ಕೆ ಮೂರು-ನಾಲ್ಕು ಪಾಲು ಮಾತ್ರ. ಜೊತೆಗೆ ಅದರಲ್ಲಿರುವ ಆಕ್ಸಲೇಟ್ ಸುಣ್ಣದ ಅಂಶವನ್ನು ಮೈಗೆ ಹತ್ತಗೊಡುವುದಿಲ್ಲ. ಹುಲ್ಲಿನ ಮೇಲೆಯೇ ಬದುಕುವ ಹಾಲಿನ ಎಮ್ಮೆಗೆ ಶೇಂಗಾ ಬಳ್ಳಿ, ತೊಗರಿ ಹೊಟ್ಟು, ಚೊಗಚೆ ಸೊಪ್ಪುಗಳಲ್ಲಿ ಸಿಕ್ಕಿದ್ದನ್ನು ಬೆರೆಸಿ, ದಿನಕ್ಕೆ ಸುಮಾರು 50 ಗ್ರಾಂ ಖನಿಜ ಮಿಶ್ರಣ ಕೊಡುವುದು ಒಳ್ಳೆಯದು. 100 ಕಿಲೋ ಹುಲ್ಲಿಗೆ 4 ಕಿಲೋ ಯೂರಿಯಾವನ್ನು 40ರಿಂದ 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರಪದರವಾಗಿ ಚಿಮುಕಿಸಿ, ಗಾಳಿಯಾಡದಂತೆ 21 ದಿನ ಮುಚ್ಚಿಟ್ಟು ಹದಗೊಳಿಸುವ ಕ್ರಮವೂ ಇದೆ. ಹಾಗೆ ಹದಗೊಳಿಸಿದ ಹುಲ್ಲನ್ನು ಆರು ತಿಂಗಳೊಳಗಿನ ಕರುಗಳಿಗೆ ಹಾಕಬಾರದು. ಯೂರಿಯಾ ಕರಗಿಸಿದ ನೀರನ್ನು ದನ ಕುಡಿದರೆ ಅದೇ ವಿಷವಾಗುತ್ತದೆ. ಬಕೆಟ್ಟನ್ನು ಅಂಗಳದಲ್ಲಿ ಬಿಟ್ಟು ಹೋಗಬೇಡಿರಿ.

ನೀರಿನ ಮಾತು ಸರಳ. ಬಿಸಿಲು 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ದಿನಕ್ಕೆ ಎರಡು ಹೊತ್ತು ಕುಡಿಸಿದರೆ ಸಾಲದು. ದನ ನೀರು ಕುಡಿಯುವ ದೋಣಿಯಲ್ಲಿ ನೆರಳಿನ ನೀರು ಸದಾ ಇರಬೇಕು. ಕಪ್ಪು ಚರ್ಮದ, ಬೆವರು ಕಡಿಮೆಯಿರುವ ಎಮ್ಮೆಗೆ ಮಧ್ಯಾಹ್ನ ಮೈಮೇಲೆ ನೀರು ಎರಚುವುದು ಅಗತ್ಯ, ಅದನ್ನು ಅತಿಯಾದ ಮುದ್ದೆಂದು ಯಾರೂ ನಗಬೇಕಿಲ್ಲ.

ಕಾಯಿಲೆಯ ಮುನ್ಸೂಚನೆಯನ್ನು ಮೊದಲು ಕಾಣಬಲ್ಲವರು ದಿನಾ ಮೇವು ಹಾಕುವವರೇ. ಬೆಳಿಗ್ಗೆ ಕಸ ಬಳಿಯುವ ಮುಂಚೆ ಗ್ವಾದಲಿಯಲ್ಲಿ (ಮೇವು ಹಾಕುವ ತೊಟ್ಟಿಯಲ್ಲಿ) ಮೇವು ಉಳಿದಿದೆಯೇ, ಹೆಂಡಿ ತೆಳ್ಳಗಾಗಿದೆಯೇ ಗಟ್ಟಿಯಾಗಿದೆಯೇ, ಮೂತಿ ಒಣಗಿದೆಯೇ, ಮಲಗಿದ ದನ ಮೆಲುಕಾಡಿಸುತ್ತಿದೆಯೇ ಎಂದು ನೋಡಬೇಕು. ಇವುಗಳಲ್ಲಿ ಎರಡು ತಪ್ಪಿದ್ದರೂ, ಗೊಟ್ಟದಲ್ಲಿ (ಔಷಧ ಕುಡಿಸುವ ಬಿದಿರ ಕೊಳವೆಯಲ್ಲಿ) ಎಣ್ಣೆ, ಕಷಾಯ ಸುರಿಯುವ ಮೊದಲು ಪಶುವೈದ್ಯರನ್ನು ಕೇಳಿರಿ. ನುಂಗಲಾರದ ದನಕ್ಕೆ ಗೊಟ್ಟ ಎತ್ತಿ ಹಾಕಿದ ಔಷಧ ಪುಪ್ಪುಸಕ್ಕೆ ಇಳಿದು ದನ ಸಾಯುವುದುಂಟು. ಹಿಂದಿನ ಎರಡು ದಿನ ಏನು ತಿನ್ನಿಸಿದ್ದೆವು ಎಂಬುದನ್ನು ವೈದ್ಯರಿಗೆ ಮುಚ್ಚಿಡದೆ ತಿಳಿಸಿರಿ, ಮದುವೆ ಮನೆಯ ಅನ್ನವಾದರೂ ಸರಿಯೇ.