ಅಂಚೆ ಕಚೇರಿಗಾಗಿ ಚುನಾವಣೆ ಕರೆದ ಪ್ರಧಾನಿ

ಎಲ್ಲರಿಗೂ ನಮಸ್ಕಾರ.

ನೀವು ಈಗ ನೋಡುತ್ತಿರುವುದು ಜಪಾನಿನ ಯೊಕೊಸುಕಾ ಊರಿನ ಒಂದು ಸಣ್ಣ ಅಂಚೆ ಕಚೇರಿ. ಟೋಕಿಯೊದಿಂದ ರೈಲಿನಲ್ಲಿ ಒಂದು ಗಂಟೆ ಚಿಲ್ಲರೆ ದಾರಿ. ಬಾಗಿಲ ಮೇಲೆ ಕೆಂಪು ಗುರುತು ಕಾಣುತ್ತಿದೆ ಅಲ್ವಾ? ಎರಡು ಅಡ್ಡ ಗೆರೆ, ಕೆಳಗೊಂದು ಉದ್ದ ಗೆರೆ. ಈ ದೇಶದ ಯಾವ ಮೂಲೆಗೆ ಹೋದರೂ ಈ ಗುರುತು ಸಿಗುತ್ತದೆ. ಒಳಗೆ ಒಂದು ಕೌಂಟರಿನಲ್ಲಿ ಟಪಾಲು, ಪಕ್ಕದಲ್ಲಿ ಉಳಿತಾಯ ಖಾತೆ, ಅದರ ಪಕ್ಕದಲ್ಲಿ ವಿಮೆ.

ಈ ಕೌಂಟರುಗಳನ್ನು ಸರ್ಕಾರದ ಕೈಯಿಂದ ಬಿಡಿಸಬೇಕು ಅಂತ ಇದೇ ಊರಿನ ಒಬ್ಬರು ದಶಕಗಳ ಕಾಲ ಪಟ್ಟು ಹಿಡಿದರು. ಜುನಿಚಿರೊ ಕೊಯಿಜುಮಿ. 2001ರಿಂದ 2006ರವರೆಗೆ ಜಪಾನಿನ ಪ್ರಧಾನಿ. ಅವರಿಗಾಗಿಯೇ ನಾನು ಇವತ್ತು ಇಲ್ಲಿಗೆ ಬಂದಿದ್ದೇನೆ.

ಕೊಯಿಜುಮಿ ಹುಟ್ಟಿದ್ದು 1942ರಲ್ಲಿ, ರಾಜಕೀಯದ ಮನೆಯಲ್ಲೇ. ಅಪ್ಪ ರಕ್ಷಣಾ ಖಾತೆ ನೋಡಿಕೊಂಡವರು. ಅಜ್ಜ ಮಾತಾಜಿರೊ ಮೈಮೇಲೆ ಹಚ್ಚೆ ಹಾಕಿಸಿಕೊಂಡಿದ್ದರಿಂದ ಜನ ಅವರನ್ನು ಹಚ್ಚೆ ಮಂತ್ರಿ ಅಂತಲೇ ಕರೆಯುತ್ತಿದ್ದರು. ಆ ಅಜ್ಜ ಯಾವ ಖಾತೆಯ ಮಂತ್ರಿ ಗೊತ್ತಾ? ಅಂಚೆ ಮತ್ತು ಸಂಪರ್ಕ. ಮೊಮ್ಮಗನೂ 1992ರಲ್ಲಿ ಅಂಚೆ ಮಂತ್ರಿಯಾದರು. ಅಂಚೆ ಉಳಿತಾಯ ಸರ್ಕಾರದ ಕೆಲಸವಲ್ಲ ಅನ್ನುತ್ತಿದ್ದ ಮನುಷ್ಯನೇ ಆ ಖಾತೆಗೆ ಬಂದಾಗ ಇಲಾಖೆಗೆ ಹೇಗಾಗಿರಬೇಡ!

ಅಂಚೆ ಕಚೇರಿಯ ಮೇಲೆ ಯಾಕಿಷ್ಟು ಹಠ? ನಮ್ಮ ಅಜ್ಜಿಯರು ಪೋಸ್ಟಾಫೀಸಿನಲ್ಲಿ ದುಡ್ಡು ಕಟ್ಟುತ್ತಿದ್ದ ಹಾಗೆ ಇಲ್ಲಿನ ಜನವೂ ಕಟ್ಟುತ್ತಿದ್ದರು. ಉಳಿತಾಯ, ವಿಮೆ ಎರಡೂ ಸೇರಿ ಸುಮಾರು 350 ಲಕ್ಷ ಕೋಟಿ ಯೆನ್. ಬಹಳ ಕಾಲ ಆ ದುಡ್ಡಿನ ದೊಡ್ಡ ಪಾಲು ಸರ್ಕಾರಿ ನಿಗಮಗಳಿಗೆ ಹೋಯಿತು. ಅದರಲ್ಲಿ ರಸ್ತೆ, ಸೇತುವೆಗಳಾದವು. ಗಾಡಿಗಳೇ ಓಡಾಡದ ಕಡೆಯೂ ರಸ್ತೆ ಬಂತು. ಹಳ್ಳಿಗಳಲ್ಲಿ ಅಪ್ಪನಿಂದ ಮಗನಿಗೆ ಬರುತ್ತಿದ್ದ ಪೋಸ್ಟ್ ಮಾಸ್ಟರ್ ಕೆಲಸಗಳಿದ್ದವು. ಚುನಾವಣೆ ಬಂದರೆ ಆ ಪೋಸ್ಟ್ ಮಾಸ್ಟರುಗಳೇ ಲಿಬರಲ್ ಡೆಮಾಕ್ರಟಿಕ್ ಪಕ್ಷಕ್ಕೆ ಓಟು ಕೂಡಿಸಿಕೊಡುತ್ತಿದ್ದರು. ಅದು ಕೊಯಿಜುಮಿ ಅವರದೇ ಪಕ್ಷ. ಅಂದರೆ ಕೂತ ಕೊಂಬೆಯನ್ನೇ ಕಡಿಯಲು ಹೊರಟವರು ಇವರು.

ಪಕ್ಷದ ಅಧ್ಯಕ್ಷ ಸ್ಥಾನಕ್ಕೆ 1995ರಲ್ಲಿ ನಿಂತು ಸೋತರು. 1998ರಲ್ಲೂ ಸೋತರು. 2001ರ ಏಪ್ರಿಲಿನಲ್ಲಿ ಮೂರನೇ ಸಲ ನಿಂತಾಗ, ಪಕ್ಷ ಬದಲಾಗದಿದ್ದರೆ ಅದನ್ನೇ ಒಡೆದು ಹಾಕುತ್ತೇನೆ ಅಂತ ಬೀದಿಯಲ್ಲಿ ನಿಂತು ಹೇಳಿದರು. ಪ್ರಾಂತ್ಯಗಳ ಸಾಮಾನ್ಯ ಸದಸ್ಯರ 141 ಮತಗಳಲ್ಲಿ 123 ಇವರಿಗೇ ಬಂದವು, ಪಕ್ಷದ ಅಧ್ಯಕ್ಷರಾಗಿ ಪ್ರಧಾನಿಯೂ ಆದರು. ಒಳಗೊಳಗೇ ಪ್ರಧಾನಿಯನ್ನು ಆರಿಸುತ್ತಿದ್ದ ಪಕ್ಷದ ಬಣಗಳಿಗೆ ಮಾತೇ ಹೊರಡಲಿಲ್ಲ.

ಮೊದಲ ತಿಂಗಳಲ್ಲೇ ಒಂದು ಪರೀಕ್ಷೆ ಬಂತು. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಜಪಾನಿನಲ್ಲಿ ಕುಷ್ಠರೋಗ ಬಂದವರನ್ನು ಮನೆಯಿಂದ ಎತ್ತಿ ದೂರದ ಆಸ್ಪತ್ರೆಗಳಲ್ಲಿ ಇಡುತ್ತಿದ್ದರು, ಕೆಲವು ದ್ವೀಪಗಳಲ್ಲಿದ್ದವು. ಮನೆಯವರಿಗೆ ಕಳಂಕ ಬರಬಾರದೆಂದು ಎಷ್ಟೋ ಜನ ಹೆಸರನ್ನೇ ಬದಲಿಸಿಕೊಂಡರು. ಮಕ್ಕಳಾಗದಂತೆ ಆಪರೇಷನ್ ಮಾಡಿಸಿದರು. ಗುಣವಾಗುವ ಔಷಧಿ ಬಂದ ಮೇಲೂ ಆ ಕಾನೂನು 1996ರವರೆಗೆ ಉಳಿಯಿತು. 2001ರ ಮೇ 11ರಂದು ಕುಮಾಮೊಟೊ ನ್ಯಾಯಾಲಯ ಸರ್ಕಾರದ್ದೇ ತಪ್ಪು ಅಂತ ತೀರ್ಪು ಕೊಟ್ಟಿತು. ಮೇಲ್ಮನವಿ ಹಾಕೋಣ ಅನ್ನುವುದು ಅಧಿಕಾರಿಗಳ ಲೆಕ್ಕಾಚಾರ. ಮೇ 23ರಂದು ಕೊಯಿಜುಮಿ ಮೊಕದ್ದಮೆ ಹೂಡಿದ್ದ ಆ ವೃದ್ಧರನ್ನು ತಮ್ಮ ಕಚೇರಿಗೆ ಕರೆಸಿ ಮಾತಾಡಿದರು. ಅದೇ ದಿನ ಮೇಲ್ಮನವಿ ಇಲ್ಲ ಎಂದರು. ಅವರ ಇಡೀ ರಾಜಕೀಯದಲ್ಲಿ ನನಗೆ ದೊಡ್ಡದಾಗಿ ಕಾಣುವುದು ಇದೇ. ಆದರೆ ಇದನ್ನೂ ಹೇಳಬೇಕು: 1988ರಲ್ಲಿ ಅವರೇ ಆರೋಗ್ಯ ಮಂತ್ರಿಯಾಗಿದ್ದಾಗಲೂ ಆ ಕಾನೂನು ಹಾಗೇ ಇತ್ತು.

ಅದಾಗಿ ನಾಲ್ಕೇ ದಿನ. ಟೋಕಿಯೊದಲ್ಲಿ ಸುಮೋ ಪಂದ್ಯದ ಕೊನೆಯ ದಿನ. ಪೈಲ್ವಾನ ತಾಕಾನೊಹಾನಾ ಹಿಂದಿನ ದಿನವೇ ಮಂಡಿಗೆ ಪೆಟ್ಟು ಮಾಡಿಕೊಂಡಿದ್ದರು. ಹಾಗೇ ಕಣಕ್ಕಿಳಿದು ಗೆದ್ದರು. ಕಪ್ ಕೊಡಲು ಬಂದ ಕೊಯಿಜುಮಿ ಗಂಟಲು ಹರಿಯುವ ಹಾಗೆ ಕೂಗಿದರು: "ನೋವು ತಡೆದುಕೊಂಡು ಚೆನ್ನಾಗಿ ಹೋರಾಡಿದಿರಿ! ಮನಸ್ಸು ತುಂಬಿ ಬಂತು!" ಜನರ ಮುಂದೆಯೂ ಅವರು ಆಗ ಇದೇ ಮಾತು ಇಡುತ್ತಿದ್ದರು. ಸುಧಾರಣೆ ಬೇಕಾದರೆ ನೋವು ತಡೆದುಕೊಳ್ಳಬೇಕು ಅಂತ.

ಮುಂದಿನ ವರ್ಷಗಳಲ್ಲಿ ಬ್ಯಾಂಕುಗಳ ಕೆಟ್ಟ ಸಾಲ ತೀರಿಸುವ ಕೆಲಸ ನಡೆಯಿತು. 2002ರಲ್ಲಿ ಉತ್ತರ ಕೊರಿಯಾಕ್ಕೆ ಹೋದರು, ಆ ದೇಶ ಅಪಹರಿಸಿದ್ದ ಐವರು ಜಪಾನಿಗೆ ಮರಳಿದರು. ಯುದ್ಧದಲ್ಲಿ ಸತ್ತವರ ಜೊತೆ ಯುದ್ಧಾಪರಾಧಿಗಳನ್ನೂ ಪೂಜಿಸುವ ಯಾಸುಕುನಿ ದೇಗುಲಕ್ಕೆ ಪ್ರತಿ ವರ್ಷ ಹೋಗಿ ಚೀನಾ, ಕೊರಿಯಾದವರ ಮನಸ್ಸು ನೋಯಿಸಿದರು. ಅದು ಬೇಕಿರಲಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಈಗ 2005ಕ್ಕೆ ಬರೋಣ. ಜುಲೈ 5ರಂದು ಅಂಚೆಯನ್ನು ಖಾಸಗಿ ಮಾಡುವ ಮಸೂದೆ ಕೆಳಮನೆಯಲ್ಲಿ 233ಕ್ಕೆ 228, ಬರೀ ಐದು ಮತದಿಂದ ಪಾಸಾಯಿತು. ಸ್ವಂತ ಪಕ್ಷದ 37 ಜನ ವಿರುದ್ಧ ಓಟು ಹಾಕಿದ್ದರು. ಮೇಲ್ಮನೆಯಲ್ಲಿ ಬಿದ್ದರೆ ಕೆಳಮನೆಯನ್ನೇ ವಿಸರ್ಜಿಸುತ್ತೇನೆ ಅಂತ ಕೊಯಿಜುಮಿ ಪಟ್ಟು. ಆಗಸ್ಟ್ 6ರ ರಾತ್ರಿ ಹಿಂದಿನ ಪ್ರಧಾನಿ ಯೋಶಿರೊ ಮೋರಿ ಬುದ್ಧಿ ಹೇಳಲು ಅವರ ಮನೆಗೆ ಹೋದರು. ಹೊರಗೆ ಬಂದಾಗ ಕೈಯಲ್ಲಿ ಹಿಸುಕಿ ಚಪ್ಪಟೆಯಾದ ಬಿಯರ್ ಡಬ್ಬಿ. ತಿನ್ನಲು ಕೊಟ್ಟಿದ್ದು ಒಣಗಿದ ಚೀಸು ಅಷ್ಟೇ ಅಂತ ಪತ್ರಕರ್ತರಿಗೆ ತೋರಿಸಿದರು. ಸತ್ತರೂ ಸರಿ, ಬಿಡುವುದಿಲ್ಲ ಅನ್ನುತ್ತಿದ್ದಾನೆ ಅಂತ ಹೇಳಿದರು.

ಆಗಸ್ಟ್ 8. ಮೇಲ್ಮನೆಯಲ್ಲಿ 125 ವಿರುದ್ಧ, 108 ಪರ. ಮಸೂದೆ ಬಿತ್ತು. ಎಲ್ಲ ಮಂತ್ರಿಗಳೂ ಸಹಿ ಹಾಕಬೇಕಾದ ವಿಸರ್ಜನೆಯ ಕಾಗದಕ್ಕೆ ಕೃಷಿ ಮಂತ್ರಿ ಸಹಿ ಹಾಕಲಿಲ್ಲ. ಕೊಯಿಜುಮಿ ಅವರನ್ನು ತೆಗೆದು, ಆ ಖಾತೆಯನ್ನೂ ತಾವೇ ಇಟ್ಟುಕೊಂಡು ಸಹಿ ಮುಗಿಸಿದರು. ರಾತ್ರಿ ಟೀವಿಯಲ್ಲಿ, ಭೂಮಿ ಸುತ್ತುತ್ತದೆ ಅಂದು ಶಿಕ್ಷೆಗೊಳಗಾದ ಗೆಲಿಲಿಯೊನ ಕತೆ ಹೇಳಿ, ಅಂಚೆ ಖಾಸಗಿಯಾಗಬೇಕೋ ಬೇಡವೋ ನೀವೇ ಹೇಳಿ ಅಂತ ಜನರನ್ನು ಕೇಳಿದರು. ಆ ಭಾಷಣವನ್ನು ನಾನು ಎಷ್ಟು ಸಲ ನೋಡಿದ್ದೇನೋ. ನಗು ಇಲ್ಲ, ಸುತ್ತಿ ಬಳಸಿ ಮಾತಿಲ್ಲ. ವಿರುದ್ಧ ಹೋದವರಿಗೆ ಟಿಕೆಟ್ ಸಿಗಲಿಲ್ಲ. ಅವರ ಕ್ಷೇತ್ರಗಳಿಗೆ ಹೊಸಬರು ಬಂದರು. ಸೆಪ್ಟೆಂಬರ್ 11ರ ಚುನಾವಣೆಯಲ್ಲಿ ಅವರ ಪಕ್ಷಕ್ಕೆ 480ರಲ್ಲಿ 296 ಸೀಟು. ತಿರಸ್ಕರಿಸಿದ್ದ ಮೇಲ್ಮನೆಯೇ ಅಕ್ಟೋಬರಿನಲ್ಲಿ ಮಸೂದೆಗೆ ಒಪ್ಪಿಗೆ ಕೊಟ್ಟಿತು.

ಒಂದು ವರ್ಷ ಕಳೆಯುತ್ತಿದ್ದಂತೆ ಹೇಳಿದ ಸಮಯಕ್ಕೆ ಸರಿಯಾಗಿ ಕುರ್ಚಿ ಬಿಟ್ಟು ಹೋದರು.

ಇನ್ನು ಆ ನೋವಿನ ಮಾತು. ತಾಕಾನೊಹಾನಾ ಆ ಮಂಡಿಯಿಂದಾಗಿ ಮುಂದಿನ ಏಳು ಟೂರ್ನಿಗಳಲ್ಲಿ ಆಡಲಾಗಲಿಲ್ಲ. 2003ರ ಜನವರಿಯಲ್ಲಿ ನಿವೃತ್ತರಾದರು. ಕೊಯಿಜುಮಿ ಕಾಲದಲ್ಲೇ, 2004ರಿಂದ, ಏಜೆನ್ಸಿ ಮೂಲಕ ತಾತ್ಕಾಲಿಕ ಕೆಲಸಗಾರರನ್ನು ಕಾರ್ಖಾನೆಗಳಿಗೆ ತೆಗೆದುಕೊಳ್ಳಲು ಕಾನೂನು ಬಿಟ್ಟುಕೊಟ್ಟಿತು. 2008ರಲ್ಲಿ ಆರ್ಥಿಕ ಕುಸಿತ ಬಂದಾಗ ಮೊದಲು ಕೆಲಸ ಹೋಗಿದ್ದು ಅವರದ್ದೇ. ಕೆಲಸದ ಜೊತೆ ಕಂಪನಿ ಕೊಟ್ಟ ಕೋಣೆಯೂ ಹೋಯಿತು. ಆ ವರ್ಷದ ಕೊನೆಯ ದಿನ ಟೋಕಿಯೊದ ಹಿಬಿಯಾ ಪಾರ್ಕಿನಲ್ಲಿ ಅವರಿಗಾಗಿ ಡೇರೆ ಹಾಕಿ ಬಿಸಿ ಊಟ ಬಡಿಸಿದರು. ಕಾರ್ಮಿಕ ಇಲಾಖೆಯ ಕಟ್ಟಡ ಅಲ್ಲೇ ಪಕ್ಕದಲ್ಲಿದೆ. ಕಳೆದ ತಿಂಗಳು ನಾನು ಆ ಪಾರ್ಕಿನಲ್ಲಿ ಸುಮ್ನೆ ಕೂತಿದ್ದೆ. ಡೇರೆ ಹಾಕಿದ್ದ ಗುರುತು ಒಂದೂ ಇರಲಿಲ್ಲ. ಕೊಯಿಜುಮಿ ಅವರ ಧೈರ್ಯವನ್ನು ಮೆಚ್ಚುವಾಗಲೆಲ್ಲ ನನಗೆ ಆ ಊಟದ ಸಾಲು ಕಣ್ಮುಂದೆ ಬರುತ್ತದೆ.

ಸರಿ, ಒಳಗೆ ಹೋಗೋಣ. 2007ರ ಅಕ್ಟೋಬರ್ 1ರಂದು ಅಂಚೆ ಇಲಾಖೆ ನಾಲ್ಕು ಕಂಪನಿಗಳಾಯಿತು. ಆಮೇಲೆ ಅದರಲ್ಲಿ ಎರಡನ್ನು ಮತ್ತೆ ಕೂಡಿಸಿದರು. ಈ ಕಚೇರಿಯಲ್ಲಿ ನನಗಂತೂ ಗೋಡೆ ಕಾಣುತ್ತಿಲ್ಲ, ಕೌಂಟರುಗಳು ಅಕ್ಕಪಕ್ಕದಲ್ಲೇ ಇವೆ. ನನ್ನ ಮುಂದೆ ಒಬ್ಬ ಅಜ್ಜಿ ಪಾಸ್‌ಬುಕ್ ಹಿಡಿದು ನಿಂತಿದ್ದಾರೆ. ಯೊಕೊಹಾಮಾದ ಗೆಳತಿಗೆ ಒಂದು ಕಾರ್ಡ್ ಬರೆದಿದ್ದೇನೆ. 2024ರವರೆಗೆ 63 ಯೆನ್ ಇತ್ತು, ಈಗ 85. ಇವತ್ತು ಶುಕ್ರವಾರ. ಶನಿವಾರ ಟಪಾಲು ಹಂಚುವುದನ್ನು ನಿಲ್ಲಿಸಿ ಕೆಲವು ವರ್ಷಗಳಾದವು. ಕೌಂಟರಿನ ಅಕ್ಕ ಕಾರ್ಡ್ ತೆಗೆದುಕೊಂಡು, ತಲೆ ಬಾಗಿಸಿ, ಸೋಮವಾರ ತಲುಪುತ್ತದೆ ಎಂದರು.